ಮಂಗಳದ ಮ್ಯಾಪಿಗೆ ಸಮುದ್ರ ಬೇಕಾ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳೆಯರು ಸೇರಿ ಮಂಗಳ ಗ್ರಹದ ಮೇಲೆ ನಡೆಯುವ ಒಂದು ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇವೆ. ನಾಸಾದ ಎತ್ತರದ ಡೇಟಾ ಇಳಿಸಿಕೊಂಡು ಮ್ಯಾಪ್ ತಯಾರಿಸಿದೆವು. ಆಡಿ ನೋಡಿದರೆ ಸಪ್ಪೆ. ಸೈನ್ಯ ಎಲ್ಲಿಂದ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ತಗ್ಗಿನಲ್ಲೆಲ್ಲ ನೀರು ತುಂಬಿಸಿ ಸಮುದ್ರ ಮಾಡೋಣ ಎನ್ನುತ್ತಾನೆ ಒಬ್ಬ ಗೆಳೆಯ. ಮಾಡಬಹುದಾ?
(ಕಾಲೇಜು ವಿದ್ಯಾರ್ಥಿ, ರಾಜಾಜಿನಗರ)

ಉತ್ತರ: ಮಾಡಬೇಡಿ. ನೀರು ತುಂಬಿಸಿದರೆ ಅಷ್ಟು ಕಷ್ಟಪಟ್ಟು ನಿಜವಾದ ಡೇಟಾ ತಂದಿದ್ದೇ ದಂಡ. ಭೂಮಿಯ ಮ್ಯಾಪಿನಲ್ಲಿ ಅರ್ಧ ಕೆಲಸವನ್ನು ಸಮುದ್ರವೇ ಮಾಡಿಕೊಡುತ್ತದೆ, ಇಲ್ಲಿ ಹೋಗು, ಅಲ್ಲಿ ಹೋಗಬೇಡ ಅಂತ. ಮಂಗಳದಲ್ಲಿ ಎಲ್ಲ ನೆಲವೇ. ಹಾಗಾಗಿ ಅಲ್ಲಿ ತಡೆ ಹಾಕುವುದು ಏನು ಅಂತ ಆ ಗ್ರಹವನ್ನೇ ಕೇಳಬೇಕು.

ಮೊದಲನೆಯದು ಗಾಳಿ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ಶೇ. 1ರಷ್ಟೂ ಇಲ್ಲ, ಇರುವುದೂ ಎಲ್ಲ ಕಡೆ ಒಂದೇ ಸಮ ಇಲ್ಲ. ದಕ್ಷಿಣದ ಹೆಲಾಸ್ ಎಂಬ ತಗ್ಗು ಸುಮಾರು 2,300 ಕಿ.ಮೀ. ಅಗಲ, 7 ಕಿ.ಮೀ.ಗೂ ಜಾಸ್ತಿ ಆಳ, ಅದರ ತಳದಲ್ಲಿ ಒತ್ತಡ ಗ್ರಹದ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಪ್ಯಾರಾಶೂಟ್ ಬಿಚ್ಚಿಕೊಂಡು ವೇಗ ತಗ್ಗಿಸಬೇಕಾದರೆ ಗಾಳಿ ಬೇಕಲ್ವಾ? 2012ರಲ್ಲಿ ನಾಸಾದ ರೋವರ್ ಗಾಡಿ ಕ್ಯೂರಿಯಾಸಿಟಿ ಇಳಿದ ಗೇಲ್ ಕುಳಿ, 2021ರಲ್ಲಿ ಇನ್ನೊಂದು ರೋವರ್ ಪರ್ಸಿವಿಯರೆನ್ಸ್ ಇಳಿದ ಜೆಜೆರೋ ಕುಳಿ, ಎರಡೂ ತಗ್ಗಿನ ಜಾಗಗಳೇ. ಇದನ್ನೇ ನಿಯಮ ಮಾಡಿ: ಸಾಮಾನು ತರುವ ನೌಕೆ ತಗ್ಗಿನಲ್ಲಿ ಮಾತ್ರ ಇಳಿಯಬಹುದು, ಮೇಲಿನ ನೆಲಕ್ಕೆ ಎಲ್ಲವೂ ಕೆಳಗಿನಿಂದ ಗಾಡಿಯಲ್ಲೇ ಹೋಗಬೇಕು. ಮಂಗಳದ ಉತ್ತರ ಭಾಗ ತಗ್ಗು ಬಯಲು, ದಕ್ಷಿಣ ಭಾಗ ಹಲವು ಕಿ.ಮೀ. ಎತ್ತರದ ಒರಟು ನೆಲ. ಆ ಎರಡೂ ಸೇರುವ ಗಡಿಯೇ ನಿಮ್ಮ ಯುದ್ಧದ ಗೆರೆ ಆಗುತ್ತದೆ, ನೀವು ಒಂದು ಗೆರೆಯನ್ನೂ ಎಳೆಯದೆ.

ಎರಡನೆಯದು ಇಳಿಜಾರು. ಎತ್ತರ ಅಲ್ಲ, ಇಳಿಜಾರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಮೆಜೆಸ್ಟಿಕ್‌ನಲ್ಲಿ ನಿಂತಾಗ ಬೆಟ್ಟದ ಮೇಲಿದ್ದೇವೆ ಅನಿಸುತ್ತದಾ? ಅಲ್ಲಿಂದ ಇನ್ನೊಂದು ಐನೂರು ಅರುನೂರು ಮೀಟರ್ ಮೇಲಿರುವ ನಂದಿ ಬೆಟ್ಟಕ್ಕೆ ಸೈಕಲ್ ತುಳಿದು ನೋಡಿ, ಕಾಲಿಗೆ ಗೊತ್ತಾಗುತ್ತದೆ. ಮಂಗಳದ ಅತಿ ಎತ್ತರದ ಬೆಟ್ಟ ಒಲಿಂಪಸ್ ಮಾನ್ಸ್ ವಿಷಯದಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಸುಮಾರು 22 ಕಿ.ಮೀ. ಎತ್ತರ ಅಂತ ಓದಿ ಅದನ್ನು ಏರಲಾಗದ ಕೋಟೆ ಮಾಡಿಬಿಡುತ್ತಾರೆ. ಆದರೆ ಅದು ಸುಮಾರು 600 ಕಿ.ಮೀ. ಅಗಲವಾಗಿ ಹರಡಿಕೊಂಡಿದೆ, ಬಹುಪಾಲು ಏರು ಬರೀ ಐದು ಡಿಗ್ರಿ ಆಸುಪಾಸು. ಕಷ್ಟ ಇರುವುದು ಅಂಚಿನಲ್ಲಿ, ಅಲ್ಲಿ ಕೆಲವು ಕಡೆ ಕಿಲೋಮೀಟರುಗಟ್ಟಲೆ ಎತ್ತರದ ಕಡಿದಾದ ಗೋಡೆ ಇದೆ. ಆ ಗೋಡೆ ದಾಟುವ ದಾರಿ ಯಾರ ಕೈಯಲ್ಲಿದೆಯೋ ಬೆಟ್ಟ ಅವರದು. ಇನ್ನೊಂದು ಮಾತು, ಮಂಗಳವನ್ನು ಫುಟ್‌ಬಾಲ್ ಗಾತ್ರಕ್ಕೆ ಇಳಿಸಿದರೆ ಒಲಿಂಪಸ್ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ, ಆದ್ದರಿಂದ ತೆರೆಯ ಮೇಲೆ ಎತ್ತರವನ್ನು ಹಿಗ್ಗಿಸಿ ತೋರಿಸಲೇಬೇಕು. ಸೈನ್ಯದ ಓಡಾಟದ ಲೆಕ್ಕ ಮಾತ್ರ ನಿಜವಾದ ಇಳಿಜಾರಿನಿಂದಲೇ ಇರಲಿ.

ನಿಮ್ಮ ಮ್ಯಾಪ್ ಅಡ್ಡಕ್ಕೆ 256 ಮನೆ ಇದ್ದರೆ ಸಮಭಾಜಕದ ಹತ್ತಿರ ಒಂದು ಮನೆ ಅಂದರೆ 83 ಕಿ.ಮೀ. ಅಷ್ಟು ಜಾಗದ ಎತ್ತರಕ್ಕೆಲ್ಲ ಒಂದೇ ಸರಾಸರಿ ತೆಗೆದರೆ ವ್ಯಾಲಿಸ್ ಮರಿನೆರಿಸ್‌ನಂಥ 4,000 ಕಿ.ಮೀ. ಉದ್ದದ ಕಣಿವೆಯ ಗೋಡೆಗಳೂ ಸವೆದು ಹೋಗುತ್ತವೆ. ಬೇಜಾರಾದರೂ ಅಂಥವನ್ನು ಕೈಯಲ್ಲೇ ತಿದ್ದಿ.

ಪ್ರಶ್ನೆ: ಮಂಗಳದ ನೆಲದ ಎತ್ತರವನ್ನು ಕಪ್ಪು-ಬಿಳುಪಿನ ಛಾಯೆಯಲ್ಲಿ ತೋರಿಸುವ ಚಿತ್ರವನ್ನು ಗೇಮಿಗೆ ಹಾಕಿದರೆ ಬಯಲೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಡೇಟಾ ಸರಿ ಇಲ್ಲವಾ?
(ಓದುಗರು, ಯಲಹಂಕ)

ಉತ್ತರ: ಡೇಟಾ ಸರಿಯಾಗೇ ಇದೆ. ನೀವು 8 ಬಿಟ್‌ನಲ್ಲಿ ಸೇವ್ ಮಾಡಿದ್ದೀರಿ ಅನಿಸುತ್ತದೆ. ಅದರಲ್ಲಿ ಎತ್ತರ ತೋರಿಸಲು ಇರುವುದು 256 ಹಂತ ಮಾತ್ರ. ಮಂಗಳದ ಅತಿ ತಗ್ಗಿನಿಂದ ಅತಿ ಎತ್ತರದವರೆಗೆ ಸುಮಾರು 29 ಕಿ.ಮೀ., ಅಂದರೆ ಒಂದೊಂದು ಮೆಟ್ಟಿಲು 100 ಮೀಟರಿಗೂ ಜಾಸ್ತಿ. 16 ಬಿಟ್‌ನಲ್ಲಿ ಉಳಿಸಿ, ಸರಿಹೋಗುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಕ್ಕಳಿಗೆ ಚಂದ್ರನ ಮೇಲಿನ ಬೋರ್ಡ್ ಆಟ ಮಾಡಿಕೊಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
(ಜಯನಗರ)

ಉತ್ತರ: ಮೇಡಂ, ದಕ್ಷಿಣ ಧ್ರುವದಿಂದ ಶುರು ಮಾಡಿ, ಮಕ್ಕಳಿಗೆ ಆ ಕಡೆಯ ಪರಿಚಯ ಆಗಲೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ, ಅದನ್ನು ನಡೆಸಿದ್ದೂ ನಮ್ಮ ಬೆಂಗಳೂರಿನಿಂದಲೇ. ಚೌಕದ ಬೋರ್ಡ್ ಬೇಡ, ಅದರಲ್ಲಿ ಧ್ರುವದ ಜಾಗ ಸುಮ್ನೆ ಎಳೆದಾಡಿದ ಹಾಗೆ ಆಗುತ್ತದೆ. ದುಂಡಗೆ ರಟ್ಟು ಕತ್ತರಿಸಿ, ನಡುವೆ ಧ್ರುವ ಬರಲಿ. ಕೇಕ್ ಕೊಯ್ದ ಹಾಗೆ 30 ಭಾಗ ಮಾಡಿ.

ಈಗ ಅರ್ಧ ವೃತ್ತದ ಕಪ್ಪು ಹಾಳೆಯೊಂದನ್ನು ನಡುವೆ ಪಿನ್ ಚುಚ್ಚಿ ನಿಲ್ಲಿಸಿ. ಅದೇ ರಾತ್ರಿ. ಚಂದ್ರನ ಒಂದು ಹಗಲು-ರಾತ್ರಿ ಸೇರಿ ನಮ್ಮ 29 ದಿನ ಚಿಲ್ಲರೆ, ಆದ್ದರಿಂದ ಎಲ್ಲರೂ ಒಂದು ಸುತ್ತು ಆಡಿದ ಮೇಲೆ, ಅಂದರೆ ಒಂದು ದಿನಕ್ಕೆ, ಹಾಳೆಯನ್ನು ಒಂದು ಭಾಗ ಸರಿಸಿ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಬಿಸಿಲಿನಿಂದ ಓಡುವ ರೋವರ್ ಕತ್ತಲಿಗೆ ಸಿಕ್ಕರೆ ಆಟದಿಂದ ಹೊರಗೆ, ಚಂದ್ರಯಾನ-3ರ ನಮ್ಮ ರೋವರ್ ಪ್ರಜ್ಞಾನ್‌ಗೆ ಆದದ್ದೂ ಅದೇ. ಚಂದ್ರಯಾನ ಇಳಿದ ಕಡೆ ಕತ್ತಲಿನ ಅಂಚು ಗಂಟೆಗೆ ಐದು ಕಿ.ಮೀ. ಚಿಲ್ಲರೆ ವೇಗದಲ್ಲಿ ಸರಿಯುತ್ತದೆ, ಲಾಲ್‌ಬಾಗಿನಲ್ಲಿ ಬೆಳಗ್ಗೆ ಬಿರುಸಾಗಿ ವಾಕ್ ಮಾಡುವವರಷ್ಟೇ. ಹಾಗಾಗಿ ಮಕ್ಕಳು ರಾತ್ರಿಗಿಂತ ಮುಂದೆ ಓಡಬಹುದು, ಆದರೆ ಓಡುತ್ತಲೇ ಇದ್ದರೆ ಮಂಜುಗಡ್ಡೆ ತೋಡುವುದು ಯಾವಾಗ?

ಪಿನ್ ಚುಚ್ಚಿದ ಜಾಗದಲ್ಲಿ 21 ಕಿ.ಮೀ. ಅಗಲದ ಶ್ಯಾಕಲ್ಟನ್ ಕುಳಿ ಬರೆಯಿರಿ, ಧ್ರುವ ಇರುವುದು ಅದರ ಅಂಚಿನಲ್ಲೇ. ಅಂಚಿನ ಕೆಲವು ಜಾಗಗಳಿಗೆ ವರ್ಷದ ಹೆಚ್ಚು ದಿನ ಬಿಸಿಲು, ತಳಕ್ಕೆ ಎಂದೂ ಇಲ್ಲ. ಮಂಜುಗಡ್ಡೆಯ ಬಿಲ್ಲೆಗಳನ್ನು ತಳದಲ್ಲಿ ಇಡಿ, ಚಾರ್ಜ್ ಮಾಡಿಕೊಳ್ಳುವ ಜಾಗವನ್ನು ಅಂಚಿನಲ್ಲಿ.