ಓದುಗರ ಪ್ರಶ್ನೆ: ದೀಪಾವಳಿಯ ಹಣತೆ, ಹಂಡೆ ಮತ್ತು ತಿಥಿ

ಪ್ರಶ್ನೆ: ಹೊಸ ಮಣ್ಣಿನ ಹಣತೆಗೆ ಎಷ್ಟು ಎಣ್ಣೆ ಹಾಕಿದರೂ ಬೇಗ ಆರುತ್ತದೆ, ಕಟ್ಟೆಯೆಲ್ಲ ಜಿಡ್ಡಾಗುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ಎಣ್ಣೆ ಮಣ್ಣಿನ ಪಾಲಾಗುತ್ತಿದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವನ್ನು ಮೊದಲೇ ನೀರಿನಿಂದ ತುಂಬಿಸಬೇಕು. ಹಿಂದಿನ ರಾತ್ರಿ ಹಣತೆಗಳನ್ನು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಗುಳ್ಳೆ ಏಳುವುದು ನಿಲ್ಲುವವರೆಗೂ ಮಣ್ಣು ನೀರು ಕುಡಿಯುತ್ತಿರುತ್ತದೆ. ಮರುದಿನ ಮಧ್ಯಾಹ್ನ ತೆಗೆದು ಒಂದೆರಡು ಗಂಟೆ ನೆರಳಿನಲ್ಲಿ ಬೋರಲು ಹಾಕಿ. ಬಿಸಿಲಿಗಿಟ್ಟರೆ ಒಳಗಿನ ನೀರೂ ಆರಿ, ನೆನೆಸಿದ್ದು ವ್ಯರ್ಥ. ಎಣ್ಣೆ ಹಾಕುವ ಮುನ್ನ ಒಣಬಟ್ಟೆಯಿಂದ ಒಳಗೆ ಒರೆಸಿ, ಪಸೆ ಉಳಿದರೆ ಬತ್ತಿ ಚಟಪಟ ಸಿಡಿಯುತ್ತದೆ.

ಬತ್ತಿಯನ್ನು ತೀರ ಬಿಗಿಯಾಗಿ ಹೊಸೆಯಬೇಡಿ, ಎಣ್ಣೆ ಮೇಲೇರುವುದಿಲ್ಲ. ಪೂರ್ತಿ ಎಣ್ಣೆಯಲ್ಲಿ ಅದ್ದಿ, ತುದಿ ಅರ್ಧ ಸೆಂಟಿಮೀಟರ್‌ನಷ್ಟು ಮಾತ್ರ ಹೊರಗಿರಲಿ. ಹೆಚ್ಚು ಚಾಚಿದರೆ ಮಸಿ ಕಟ್ಟುತ್ತದೆ. ಅಂಚು ದಾಟಿ ಕೆಳಗೆ ಇಳಿಬಿದ್ದರೆ ಅದರ ಗುಂಟವೇ ಎಣ್ಣೆ ಸೋರುತ್ತದೆ. ಕಟ್ಟೆಯ ಜಿಡ್ಡಿಗೆ ಇದೂ ಕಾರಣವಿರಬಹುದು. ಎಳ್ಳೆಣ್ಣೆ ಒಳ್ಳೆಯದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿ ಬಿದ್ದ ರಾತ್ರಿ ಹೊರಗಿನ ದೀಪಕ್ಕೆ ಬೇಡ. ಉರಿಯುವ ಎಣ್ಣೆಗೆ ನೀರು ಸುರಿಯುವುದಂತೂ ಅಪಾಯ, ಬೆಂಕಿ ಮೇಲಕ್ಕೆ ಚಿಮ್ಮುತ್ತದೆ. ಹತ್ತಿರದಲ್ಲಿ ಮರಳು ಅಥವಾ ಮುಚ್ಚಲು ಒಂದು ತಟ್ಟೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಫ್ಲ್ಯಾಟ್, ಹಂಡೆಯಿಲ್ಲ. ನೀರು ತುಂಬುವ ಹಬ್ಬ ಹೇಗೆ?

ಉತ್ತರ: ತ್ರಯೋದಶಿ ಸಂಜೆ ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ನೀರು ತುಂಬಿ ಗಂಗೆಯೆಂದು ಪೂಜಿಸುವುದು ಪದ್ಧತಿ. ಮಲೆನಾಡಿನಲ್ಲಿ ಹಿಂಡ್ಲೆಕಾಯಿ ಬಳ್ಳಿಯನ್ನೂ ಸುತ್ತುತ್ತಾರೆ. ನಿಮಗೆ ಒಂದು ತಾಮ್ರದ ಬಿಂದಿಗೆ ಸಾಕು. ಅದಕ್ಕೆ ಪೂಜೆ ಮಾಡಿ, ಬೆಳಿಗ್ಗೆ ಆ ನೀರನ್ನು ಬಿಸಿನೀರಿಗೆ ಬೆರೆಸಿ. ಎಳ್ಳೆಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ನೆತ್ತಿಯಿಂದ ಪಾದದವರೆಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಸೀಗೆಪುಡಿಯಿಂದ ತೊಳೆಯಿರಿ. ಹಿರಿಯರಿಗೆ ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ, ಎಣ್ಣೆಪಾದ ಜಾರುತ್ತದೆ. ಗ್ಯಾಸ್ ಗೀಸರ್ ಬಚ್ಚಲ ಒಳಗೇ ಇದ್ದರೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಮೀಯುವ ಈ ಬೆಳಗ್ಗೆ ಕಿಟಕಿ ಮುಚ್ಚಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ.

ಪ್ರಶ್ನೆ: 2025ರಲ್ಲಿ ಕೆಲವರ ಲಕ್ಷ್ಮೀಪೂಜೆ ಅಕ್ಟೋಬರ್ 20ಕ್ಕೆ, ಕೆಲವರದ್ದು 21ಕ್ಕೆ. ಯಾಕೆ?

ಉತ್ತರ: ಅಭ್ಯಂಗಕ್ಕೆ, ಅಂದರೆ ಎಣ್ಣೆಸ್ನಾನಕ್ಕೆ, ಬೆಳಗಿನ ಜಾವ ಚತುರ್ದಶಿ ಇರಬೇಕು, ಲಕ್ಷ್ಮೀಪೂಜೆಗೆ ಸಂಜೆಯ ಪ್ರದೋಷದಲ್ಲಿ, ಅಂದರೆ ಸೂರ್ಯಾಸ್ತದ ನಂತರದ ಹೊತ್ತಿನಲ್ಲಿ, ಅಮಾವಾಸ್ಯೆ ಇರಬೇಕು. ಅಕ್ಟೋಬರ್ 20ರ ಮಧ್ಯಾಹ್ನ ಶುರುವಾದ ಅಮಾವಾಸ್ಯೆ 21ರ ಸೂರ್ಯಾಸ್ತದ ಹೊತ್ತಿಗೆ ಮುಗಿಯಿತು. 20ರ ಸಂಜೆ ಪೂರ್ತಿ ಸಿಕ್ಕಿತೆಂದು ಹಲವರು ಅಂದೇ ಪೂಜಿಸಿದರು, ಉಳಿದವರು ತಮ್ಮ ಪಂಚಾಂಗದಂತೆ 21ಕ್ಕೆ. ಬಲಿಪಾಡ್ಯಮಿ 22ಕ್ಕೆ ಬಂತು.