ಮಳೆಗಾಲ ಕಳೆದ ಮೇಲೆ ಮಾದರಿ ರೈಲು ತಡೆತಡೆದು ಓಡುತ್ತಿದೆ, ಏನು ಮಾಡಬೇಕು?

ಉಡುಪಿ, ಮಂಗಳೂರಿನಂಥ ಕಡಲತಡಿಯ ಊರುಗಳಲ್ಲಿ ಮೋಟಾರನ್ನು ಸಂಶಯಿಸುವ ಮೊದಲು ಹಳಿಯನ್ನು ನೋಡಬೇಕು. ಎಚ್‌ಒ ಅಳತೆಯ (1:87, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ಗಾತ್ರದ) ಸೆಟ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ವರೆಗಿನ ಡಿಸಿ ವಿದ್ಯುತ್ ಹಳಿಯಿಂದ ಚಕ್ರದ ಮೂಲಕವೇ ಮೋಟಾರಿಗೆ ಹರಿಯುವುದರಿಂದ, ಉಪ್ಪುಗಾಳಿಯ ತೇವಕ್ಕೆ ಹಳಿಯ ಮೇಲೆ ಕೂರುವ ತೆಳುವಾದ ಕಪ್ಪು ಪದರವೇ ಅದನ್ನು ತಡೆಯಲು ಸಾಕು. ಸ್ವಿಚ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಹಳಿಯ ಮೇಲ್ಮೈಯನ್ನು ಒರೆಸಿ, ಪೂರ್ತಿ ಆರಿದ ಮೇಲಷ್ಟೇ ವಿದ್ಯುತ್ ಕೊಡಿ. ಚಕ್ರಗಳಿಗೂ ಇದೇ ಕ್ರಮ. ರಬ್ಬರ್ ಬಳೆಯಿರುವ ಚಕ್ರಕ್ಕೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ. ಮರಳುಕಾಗದದಿಂದ ಉಜ್ಜಿದರೆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ತುಂಬುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರಂತೂ ಬೇಡವೇ ಬೇಡ: ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಸೆಳೆದುಕೊಂಡರೆ ಒಳಗೆ ಶಾರ್ಟ್ ಆಗಬಹುದು.

ಚಕ್ರಗಳ ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲುಗಳನ್ನು ಚಿಮುಟದಿಂದ ತೆಗೆದು, ಪ್ಲಾಸ್ಟಿಕ್ಕಿಗೆ ಹಾನಿಮಾಡದ ತೆಳು ಎಣ್ಣೆಯನ್ನು ಸೂಜಿಮೊನೆಯಿಂದ ಒಂದೇ ಹನಿ ಇಡಿ. ನಮ್ಮ ಕಡೆ ಎಲ್ಲದಕ್ಕೂ ಮೊದಲು ಕೈಗೆ ಬರುವುದು ತೆಂಗಿನೆಣ್ಣೆಯೇ ಆದರೂ, ಅದು ದಿನ ಕಳೆದಂತೆ ಜಿಡ್ಡುಗಟ್ಟಿ ಗಿಯರಿನ ಹಲ್ಲುಗಳಲ್ಲಿ ಧೂಳನ್ನು ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸುವುದಿಲ್ಲವಾದರೆ ಇಂಜಿನನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.