ಫ್ಲಾಟ್ ಮಾರಿಸಿಕೊಟ್ಟರೂ ಕಮಿಷನ್ ಬಂದಿಲ್ಲ ಅಂದವರಿಗೆ
ನಿಮ್ಮ ಹೆಸರಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಕೊಡುವ ಏಜೆಂಟ್ ನಂಬರ್ ಇಲ್ಲದಿರುವುದೇ ಕಾರಣ ಇರಬೇಕು, ನನ್ನ ಮೊದಲ ಡೀಲ್ ಕೂಡ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟ್ ಮಾರಿಸಬೇಕಾದರೆ ಏಜೆಂಟ್ ಕೂಡ ನೋಂದಣಿ ಆಗಿರಲೇಬೇಕು, 2016ರ ಕಾಯ್ದೆಯ 9ನೇ ಸೆಕ್ಷನ್ ಹೇಳುವುದೇ ಅದನ್ನು. ಹೊಸಬರು ಅಂತ ರಿಯಾಯಿತಿ ಇಲ್ಲ. ಮೊದಲು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ಹೆಸರು ಹಾಕಿ ನೋಡಿ. ಇದ್ದರೆ ಅಲ್ಲೇ ಏಜೆಂಟ್ ಅರ್ಜಿ ಹಾಕಿ. ಪ್ಯಾನ್, ಫೋಟೊ, ವಿಳಾಸದ ದಾಖಲೆ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನಂಬರ್ ಬರುವ ತನಕ ಆ ಪ್ರಾಜೆಕ್ಟಿಗೆ ಗಿರಾಕಿಗಳನ್ನು ಕರೆದುಕೊಂಡು ಹೋಗಬೇಡಿ, ದಂಡ ದಿನಕ್ಕೆ 10,000 ರೂಪಾಯಿ, ಸುಮ್ನೆ ಯಾಕೆ ಅಲ್ವಾ? ಮಾರಿಯಾಗಿರುವ ಫ್ಲಾಟಿನ ಕಮಿಷನ್ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಮುಂದಿನದಕ್ಕೆ ಮಾತ್ರ ಎಷ್ಟು ಪರ್ಸೆಂಟ್, ಯಾವಾಗ ಕೊಡುತ್ತಾರೆ ಎರಡನ್ನೂ ಬಿಲ್ಡರ್ ಕೈಲಿ ಬರೆಸಿಕೊಳ್ಳಿ.